ಜಂಬೂದ್ವೀಪ-ಪರಿಧಿಯ ಶೇಷ: ಭಾಗಲಬ್ಧ ಮತ್ತು ವಾಸ್ತವ ಸಂಖ್ಯೆಗಳ ಭೇದದ ಬೆಳಕಿನಲ್ಲಿ ತಿಲೋಯಪಣ್ಣತ್ತಿಯ ಒಂದು ಲೆಕ್ಕ

೧

ಜಂಬೂದ್ವೀಪದ ವಿಷ್ಕಂಭವು ಒಂದು ಲಕ್ಷ ಯೋಜನವೆಂದೂ, ಅದರ ಪರಿಧಿಯು ೩,೧೬,೨೨೭ ಯೋಜನ, ೩ ಕ್ರೋಶ, ೧೨೮ ಧನುಸ್ಸು ಮತ್ತು ಹದಿಮೂರೂವರೆ ಅಂಗುಲಗಳಿಗಿಂತ ಕಿಂಚಿತ್ ಅಧಿಕವೆಂದೂ ಜೈನಾಗಮ ಪರಂಪರೆಯು ಹೇಳುತ್ತ ಬಂದಿರುವುದು ವಿದ್ವಾಂಸರಿಗೆ ಸುಪರಿಚಿತವಾದ ಸಂಗತಿ. ಜಂಬೂದ್ವೀಪಪ್ರಜ್ಞಪ್ತಿಯಂತಹ ಶ್ವೇತಾಂಬರ ಆಗಮಗಳಲ್ಲಿಯೂ ದಿಗಂಬರ ಕರಣಾನುಯೋಗ ಗ್ರಂಥಗಳಲ್ಲಿಯೂ ಈ ಪ್ರಮಾಣವು ಒಂದೇ ಆಗಿದೆ. ಈ ವಿಷಯದಲ್ಲಿ ಸಂಪ್ರದಾಯಭೇದವಿಲ್ಲ.

ಆದರೆ ಆಚಾರ್ಯ ಯತಿವೃಷಭರ ತಿಲೋಯಪಣ್ಣತ್ತಿಯು ಅಂಗುಲದಲ್ಲಿಯೇ ನಿಲ್ಲುವುದಿಲ್ಲ. ಅದರ ನಾಲ್ಕನೆಯ ಮಹಾಧಿಕಾರದಲ್ಲಿ ಈ ‘ಕಿಂಚಿತ್ ಅಧಿಕ’ವೆಂಬುದರ ಒಡಲನ್ನೇ ಬಗೆದು, ಅಂಗುಲದಿಂದ ಯವ, ಯೂಕ, ಲಿಕ್ಷಾ ಎಂಬ ಕ್ರಮದಲ್ಲಿ ಅವಸನ್ನಾಸನ್ನ ಸ್ಕಂಧದವರೆಗೆ ಇಳಿದು, ಅಲ್ಲಿಯೂ ಉಳಿಯುವ ಶೇಷವನ್ನು ೨೩೨೧೩/೧೦೫೪೦೯ ಎಂದು ದಾಖಲಿಸಲಾಗಿದೆ. ಈ ಶೇಷಕ್ಕೆ ‘ಖಖ’ ಎಂಬ ಸಂಜ್ಞೆಯೂ ಸೇರಿದೆ. ಅನಂತಾನಂತ ಪರಮಾಣುಗಳಿಂದ ಒಂದು ಅವಸನ್ನಾಸನ್ನ ಸ್ಕಂಧವಾಗುವುದರಿಂದ, ಅದಕ್ಕಿಂತ ಕಿರಿದಾದ ಅಂಶವನ್ನು ಎಣಿಕೆಯ ಮಾನದಿಂದ ಹೇಳಲಾಗದೆಂಬುದೇ ಅದರ ತಾತ್ಪರ್ಯ.

ಡಾ. ಆ. ನೇ. ಉಪಾಧ್ಯೆ ಮತ್ತು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಸೋಲಾಪುರದ ಜೀವರಾಜ ಜೈನ ಗ್ರಂಥಮಾಲೆಯಿಂದ ಈ ಗ್ರಂಥವು ೧೯೪೩ ಮತ್ತು ೧೯೫೧ರಲ್ಲಿ ಎರಡು ಭಾಗಗಳಾಗಿ ಪ್ರಕಟವಾದ ಮೇಲೆ ಪ್ರೊ. ಲಕ್ಷ್ಮೀಚಂದ್ರ ಜೈನರು ೧೯೫೮ರಲ್ಲಿ ಇದರ ಗಣಿತವನ್ನು ಸಮಗ್ರವಾಗಿ ಪರಿಶೀಲಿಸಿದರು. ಪ್ರೊ. ರಾಧಾಚರಣ ಗುಪ್ತರು ೧೯೭೫ರಲ್ಲಿ ಜಂಬೂದ್ವೀಪ-ಪರಿಧಿಯನ್ನೇ ವಿಷಯವಾಗಿಸಿಕೊಂಡು ಬರೆದರು. ಇಷ್ಟಾಗಿಯೂ ಒಂದು ಪ್ರಶ್ನೆಯು ವಿಚಾರಾರ್ಹವಾಗಿಯೇ ಉಳಿದಿದೆ. ೨೩೨೧೩/೧೦೫೪೦೯ ಎಂಬುದು ಯಾವುದರ ಶೇಷ? ಪರಿಧಿಸೂತ್ರವು ಹೇಳುವ ರಾಶಿಯ ಶೇಷವೇ, ಅಥವಾ ಬೇರೊಂದು ರಾಶಿಯದೇ? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಆಧುನಿಕ ಗಣಿತವು ಭಾಗಲಬ್ಧ ಸಂಖ್ಯೆ ಮತ್ತು ವಾಸ್ತವ ಸಂಖ್ಯೆ ಎಂದು ಮಾಡುವ ಭೇದವನ್ನು ತಿಳಿದುಕೊಳ್ಳುವುದು ಅವಶ್ಯ. ಹಸ್ತಪ್ರತಿಗಳ ಪಾಠಶೋಧನೆಗೂ ಈ ಭೇದಕ್ಕೂ ನೇರವಾದ ಸಂಬಂಧವಿದೆ ಎಂಬುದನ್ನು ಮುಂದಿನ ವಿವೇಚನೆಯಿಂದ ಕಾಣಬಹುದು.

೨

ವ್ಯಾಸದ ವರ್ಗವನ್ನು ಹತ್ತರಿಂದ ಗುಣಿಸಿ ಅದರ ವರ್ಗಮೂಲವನ್ನು ತೆಗೆದರೆ ಪರಿಧಿಯು ದೊರೆಯುತ್ತದೆ ಎಂಬುದು ಜೈನ ಗಣಿತದ ಪ್ರಸಿದ್ಧ ಸೂತ್ರ. ತತ್ತ್ವಾರ್ಥಾಧಿಗಮ ಭಾಷ್ಯದಲ್ಲಿ ಇದು ಉಕ್ತವಾಗಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. ೮೫೦ರ ಸುಮಾರಿಗೆ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರು ವ್ಯಾಸದ ಮೂರರಷ್ಟನ್ನು ಸ್ಥೂಲವೆಂದೂ ಹತ್ತರ ವರ್ಗಮೂಲದ ಪ್ರಮಾಣವನ್ನು ಸೂಕ್ಷ್ಮವೆಂದೂ ಬೇರ್ಪಡಿಸಿದ್ದಾರೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರದಲ್ಲಿಯೂ ಈ ಎರಡು ಪ್ರಮಾಣಗಳೂ ಇವೆ.

ಪ್ರಾಕೃತ ಸೂತ್ರಗಾಥೆಯು ಈ ವರ್ಗಮೂಲವನ್ನು ‘ಕರಣಿ’ ಎಂದು ಕರೆಯುತ್ತದೆ. ಈ ಶಬ್ದವು ಗಮನಾರ್ಹವಾದುದು. ಶುಲ್ಬಸೂತ್ರಗಳ ಕಾಲದಿಂದ ಬಂದ ಈ ಪರಿಭಾಷೆಯು ಭಾರತೀಯ ಗಣಿತದಲ್ಲಿ ಕ್ರಮೇಣ, ನಿಶ್ಶೇಷವಾಗಿ ಮೂಲವು ದೊರೆಯದ ರಾಶಿಯ ಮೂಲಕ್ಕೆ ರೂಢವಾಯಿತು. ಕ್ರಿ. ಶ. ೬೨೮ರಲ್ಲಿ ಬ್ರಹ್ಮಗುಪ್ತನು ಕರಣಿಗಳ ಸಂಕಲನ, ಗುಣಾಕಾರ ಮೊದಲಾದ ಕ್ರಿಯೆಗಳಿಗೆ ನಿಯಮಗಳನ್ನೇ ಹೇಳಿದ್ದಾನೆ. ಮೂಲವನ್ನು ಅಂಕಗಳಲ್ಲಿ ಬಿಡಿಸದೆ ‘ಹತ್ತರ ಕರಣಿ’ ಎಂದು ಹೆಸರಿಸಿ ಬಿಟ್ಟರೆ ಆ ಉಕ್ತಿಯಲ್ಲಿ ಲೇಶವೂ ನ್ಯೂನತೆಯಿಲ್ಲ. ಅದನ್ನು ಯೋಜನ-ಕ್ರೋಶ-ಧನುಸ್ಸುಗಳಲ್ಲಿ ಅಳೆದು ಹೇಳಲು ತೊಡಗಿದಾಗ ಮಾತ್ರ ಶೇಷದ ಸಮಸ್ಯೆಯು ಉದ್ಭವಿಸುತ್ತದೆ.

೩

ಎರಡು ಪೂರ್ಣಾಂಕಗಳ ಅನುಪಾತವಾಗಿ, ಎಂದರೆ ಅಂಶ ಮತ್ತು ಛೇದಗಳುಳ್ಳ ಭಿನ್ನರಾಶಿಯಾಗಿ ಬರೆಯಬಹುದಾದ ಸಂಖ್ಯೆಯೇ ಭಾಗಲಬ್ಧ ಸಂಖ್ಯೆ. ಹಾಗೆ ಬರೆಯಲಾಗದುದು ಅಭಾಗಲಬ್ಧ. ಒಂದು ಸರಳರೇಖೆಯ ಮೇಲಿನ ಸಮಸ್ತ ಬಿಂದುಗಳಿಗೂ ಸಲ್ಲುವಂತೆ ಈ ಎರಡು ವರ್ಗಗಳನ್ನೂ ಒಳಗೊಂಡ ಸಮೂಹವೇ ವಾಸ್ತವ ಸಂಖ್ಯೆಗಳು. ಹೀಗಾಗಿ ಪ್ರತಿಯೊಂದು ಭಾಗಲಬ್ಧ ಸಂಖ್ಯೆಯೂ ವಾಸ್ತವ ಸಂಖ್ಯೆಯೇ; ಆದರೆ ಪ್ರತಿಯೊಂದು ವಾಸ್ತವ ಸಂಖ್ಯೆಯೂ ಭಾಗಲಬ್ಧವಲ್ಲ.

ಹತ್ತರ ವರ್ಗಮೂಲವು ಭಾಗಲಬ್ಧವಲ್ಲವೆಂಬುದನ್ನು ಜೈನ ಪರಿಭಾಷೆಯಲ್ಲಿಯೇ ಸಾಧಿಸಬಹುದು. ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ‘ಅರ್ಧಚ್ಛೇದ’ವೆಂಬ ಕಲ್ಪನೆಯನ್ನು ಬಳಸಿದ್ದಾರೆ. ಒಂದು ರಾಶಿಯನ್ನು ಎಷ್ಟು ಬಾರಿ ಅರ್ಧಿಸಲು ಸಾಧ್ಯವೋ ಆ ಎಣಿಕೆಯೇ ಅದರ ಅರ್ಧಚ್ಛೇದ. ಗುಣಲಬ್ಧದ ಅರ್ಧಚ್ಛೇದವು ಗುಣ್ಯ ಮತ್ತು ಗುಣಕಗಳ ಅರ್ಧಚ್ಛೇದಗಳ ಮೊತ್ತಕ್ಕೆ ಸಮವೆಂಬ ನಿಯಮವೂ ಅಲ್ಲಿದೆ. ಬೆಸಸಂಖ್ಯೆ ದೊರೆಯುವವರೆಗೆ ಅರ್ಧಿಸುತ್ತ ಹೋಗುವುದೆಂದು ಈ ಕಲ್ಪನೆಯನ್ನು ಎಲ್ಲ ಪೂರ್ಣಾಂಕಗಳಿಗೂ ಅನ್ವಯಿಸಿದರೆ, ಯಾವ ವರ್ಗದ ಅರ್ಧಚ್ಛೇದವಾದರೂ ಅದರ ಮೂಲದ ಅರ್ಧಚ್ಛೇದದ ಎರಡರಷ್ಟಾಗಿ ಸಮಸಂಖ್ಯೆಯೇ ಆಗುತ್ತದೆ.

ಈಗ ಹತ್ತರ ವರ್ಗಮೂಲವು ಒಂದು ಭಿನ್ನರಾಶಿಗೆ ಸಮವೆಂದು ಭಾವಿಸೋಣ. ಆಗ ಅಂಶದ ವರ್ಗವು ಛೇದದ ವರ್ಗದ ಹತ್ತರಷ್ಟಕ್ಕೆ ಸಮವಾಗಬೇಕು. ಅಂಶವರ್ಗದ ಅರ್ಧಚ್ಛೇದವು ಸಮಸಂಖ್ಯೆ. ಛೇದವರ್ಗದ ಅರ್ಧಚ್ಛೇದವೂ ಸಮಸಂಖ್ಯೆ; ಆದರೆ ಹತ್ತನ್ನು ಒಮ್ಮೆ ಮಾತ್ರ ಅರ್ಧಿಸಬಹುದಾದುದರಿಂದ ಅದರ ಹತ್ತರಷ್ಟರ ಅರ್ಧಚ್ಛೇದವು ಒಂದು ಹೆಚ್ಚಾಗಿ ಬೆಸಸಂಖ್ಯೆಯಾಗುತ್ತದೆ. ಸಮಸಂಖ್ಯೆಯು ಬೆಸಸಂಖ್ಯೆಗೆ ಸಮವಾಗಲಾರದು. ಆದಕಾರಣ ಅಂತಹ ಭಿನ್ನರಾಶಿಯು ಇಲ್ಲವೇ ಇಲ್ಲ.

ವೀರಸೇನಾಚಾರ್ಯರೇ ಈ ವಾದವನ್ನು ಹೂಡಿದರೆಂದು ಇದರಿಂದ ಹೇಳಬಾರದು. ಉಪಕರಣವು ಅವರದು, ಅದನ್ನು ಈ ಪ್ರಯೋಜನಕ್ಕೆ ಬಳಸಿರುವುದು ಇಂದಿನ ದೃಷ್ಟಿ. ಒಂದು ಗ್ರಂಥದಲ್ಲಿ ಸಾಧನವಿದೆ ಎಂಬ ಮಾತ್ರಕ್ಕೆ ಸಾಧ್ಯವೂ ಇದೆಯೆಂದು ಊಹಿಸುವುದು ಗಣಿತೇತಿಹಾಸದಲ್ಲಿ ಅನೇಕ ಅತ್ಯುಕ್ತಿಗಳಿಗೆ ಎಡೆಮಾಡಿಕೊಟ್ಟಿದೆ.

೪

ಈಗ ತಿಲೋಯಪಣ್ಣತ್ತಿಯ ಲೆಕ್ಕವನ್ನು ಪರಿಶೀಲಿಸಬಹುದು. ಒಂದು ಲಕ್ಷದ ವರ್ಗವು ಸಾವಿರ ಕೋಟಿ. ಅದರ ಹತ್ತರಷ್ಟು ಹತ್ತು ಸಾವಿರ ಕೋಟಿ. ಇದರೊಳಗೆ ಅಡಗುವ ಅತ್ಯಂತ ದೊಡ್ಡ ವರ್ಗವು ೩,೧೬,೨೨೭ರ ವರ್ಗವಾದ ೯೯,೯೯,೯೫,೧೫,೫೨೯. ಕಳೆದರೆ ಉಳಿಯುವುದು ೪,೮೪,೪೭೧. ಈ ಶೇಷವನ್ನು ಮೂಲದ ಎರಡರಷ್ಟರಿಂದ, ಎಂದರೆ ೬,೩೨,೪೫೪ರಿಂದ ಭಾಗಿಸಿ ಬಂದುದನ್ನು ಮೂಲಕ್ಕೆ ಕೂಡಿಸುವುದು ಪ್ರಾಚೀನರ ಆಸನ್ನಮೂಲ ಕ್ರಮ. ಆ ಪ್ರಕಾರ ಪರಿಧಿಯು ೩,೧೬,೨೨೭ ಯೋಜನಗಳು ಮತ್ತು ಒಂದು ಯೋಜನದ ೪೮೪೪೭೧/೬೩೨೪೫೪ ಭಾಗ.

ಈ ಭಾಗವನ್ನು ನಾಲ್ಕರಿಂದ ಗುಣಿಸಿ ಛೇದದಿಂದ ಭಾಗಿಸಿದರೆ ೩ ಕ್ರೋಶಗಳೂ ೪೦,೫೨೨ ಶೇಷವೂ ದೊರೆಯುತ್ತವೆ. ಶೇಷವನ್ನು ಎರಡು ಸಾವಿರದಿಂದ ಗುಣಿಸಿ ಭಾಗಿಸಿದರೆ ೧೨೮ ಧನುಸ್ಸುಗಳು, ಶೇಷ ೮೯,೮೮೮. ಇದನ್ನು ತೊಂಬತ್ತಾರರಿಂದ ಗುಣಿಸಿ ಭಾಗಿಸಿದರೆ ೧೩ ಅಂಗುಲಗಳು, ಶೇಷ ೪,೦೭,೩೪೬. ಅರ್ಧ ಛೇದವು ೩,೧೬,೨೨೭ ಆದುದರಿಂದ ಈ ಶೇಷವು ಅರ್ಧಾಂಗುಲಕ್ಕಿಂತ ಅಧಿಕ. ಆಗಮಗಳ ‘ಹದಿಮೂರೂವರೆ ಅಂಗುಲ, ಕಿಂಚಿತ್ ಅಧಿಕ’ ಎಂಬ ಮಾತು ಇಲ್ಲಿಗೆ ಅಕ್ಷರಶಃ ಸರಿಹೊಂದುತ್ತದೆ.

ಅಂಗುಲದ ಶೇಷವಾದ ೪೦೭೩೪೬/೬೩೨೪೫೪ ಎಂಬುದನ್ನು ಆರರಿಂದ ಅಪವರ್ತಿಸಿದರೆ ೬೭೮೯೧/೧೦೫೪೦೯ ಆಗುತ್ತದೆ. ತಿಲೋಯಪಣ್ಣತ್ತಿಯ ಕಡೆಯ ಛೇದವು ಇದೇ. ೧,೦೫,೪೦೯ ಎಂಬುದು ೩,೧೬,೨೨೭ರ ಸರಿಯಾದ ಮೂರನೆಯ ಒಂದು ಭಾಗವೆಂಬುದನ್ನೂ ಗಮನಿಸಬೇಕು. ಗಣಿತಜ್ಞನು ಯಾವ ಹಾದಿಯಲ್ಲಿ ನಡೆದನೆಂಬುದಕ್ಕೆ ಈ ಛೇದವೇ ಅಳಿಯದ ಹೆಜ್ಜೆಗುರುತು.

ಇಲ್ಲಿಂದ ಕೆಳಗಿನ ಮಾನಗಳೆಲ್ಲವೂ ಒಂದಕ್ಕೊಂದು ಎಂಟರಷ್ಟಾಗಿವೆ. ಪ್ರತಿ ಹಂತದಲ್ಲಿಯೂ ಶೇಷವನ್ನು ಎಂಟರಿಂದ ಗುಣಿಸಿ ೧,೦೫,೪೦೯ರಿಂದ ಭಾಗಿಸುತ್ತ ಹೋದರೆ ದೊರೆಯುವ ಫಲಗಳು ಹೀಗಿವೆ: ಯವ ೫, ಯೂಕ ೧, ಲಿಕ್ಷಾ ೧, ಕರ್ಮಭೂಮಿಯ ಬಾಲಾಗ್ರ ೬, ಜಘನ್ಯ ಭೋಗಭೂಮಿಯ ಬಾಲಾಗ್ರ ೦, ಮಧ್ಯಮ ಭೋಗಭೂಮಿಯ ಬಾಲಾಗ್ರ ೭, ಉತ್ತಮ ಭೋಗಭೂಮಿಯ ಬಾಲಾಗ್ರ ೫, ರಥರೇಣು ೧, ತ್ರಸರೇಣು ೩, ತ್ರುಟರೇಣು ೦, ಸನ್ನಾಸನ್ನ ೨, ಅವಸನ್ನಾಸನ್ನ ೩. ಕಡೆಯಲ್ಲಿ ಉಳಿಯುವುದು ೨೩೨೧೩/೧೦೫೪೦೯. ಗ್ರಂಥದ ಶೇಷವೂ ಇದೇ.

ಅಂಗುಲದಿಂದ ಇಲ್ಲಿಯವರೆಗೆ ಹನ್ನೆರಡು ಹಂತಗಳು. ಒಂದು ಅಂಗುಲದಲ್ಲಿ ೬,೮೭೧ ಕೋಟಿಗೂ ಮಿಕ್ಕಿದ ಅವಸನ್ನಾಸನ್ನಗಳಿವೆ. ಆರು ಅಂಕಗಳ ಛೇದವನ್ನಿಟ್ಟುಕೊಂಡು ಒಂದು ಹಂತದಲ್ಲಿಯೂ ತಪ್ಪದೆ, ಒಂದು ಶೇಷವನ್ನೂ ಕೈಬಿಡದೆ ನಡೆಸಿದ ಈ ಭಾಗಾಕಾರವು ಪ್ರಾಚೀನ ಜೈನ ಗಣಿತಜ್ಞರ ನಿಷ್ಠೆಗೆ ಸಾಕ್ಷಿ. ಯತಿವೃಷಭರ ಕಾಲವನ್ನು ಸಂಪಾದಕರು ಐದನೆಯ ಶತಮಾನದ ಉತ್ತರಾರ್ಧಕ್ಕೂ ಏಳನೆಯ ಶತಮಾನದ ಆರಂಭಕ್ಕೂ ನಡುವೆ ಇರಿಸಿರುವುದನ್ನು ನೆನೆದರೆ ಈ ಸಾಧನೆಯ ಹಿರಿಮೆಯು ಸ್ಪಷ್ಟವಾಗುತ್ತದೆ.

೫

ಹಸ್ತಪ್ರತಿಗಳ ಅಧ್ಯಯನಕ್ಕೆ ಇಲ್ಲಿ ಒಂದು ಅಪೂರ್ವವಾದ ಪ್ರಯೋಜನವಿದೆ. ಅಂಕಗಳ ಪಾಠದಲ್ಲಿ ಲಿಪಿಕಾರರ ಸ್ಖಾಲಿತ್ಯಗಳು ಸಹಜ. ಗಾಥೆಯಲ್ಲಿ ಶಬ್ದರೂಪದ ಸಂಖ್ಯೆಯು ಒಂದಿದ್ದರೆ ಸಂದೃಷ್ಟಿಯಲ್ಲಿ ಬರೆದ ಅಂಕವು ಮತ್ತೊಂದಿರಬಹುದು, ಶೂನ್ಯವು ಲೋಪವಾಗಬಹುದು, ಎರಡು ಅಂಕಗಳು ಸ್ಥಾನಪಲ್ಲಟವಾಗಬಹುದು. ಸಾಮಾನ್ಯವಾಗಿ ಇಂತಹ ಸಂದೇಹಗಳನ್ನು ಪ್ರತ್ಯಂತರಗಳ ಹೋಲಿಕೆಯಿಂದಲೇ ನಿವಾರಿಸಬೇಕು. ಜಂಬೂದ್ವೀಪ-ಪರಿಧಿಯ ಪ್ರಕರಣದಲ್ಲಿ ಮಾತ್ರ ಕಡೆಯ ಶೇಷವೊಂದೇ ಸಮಗ್ರ ಪಾಠವನ್ನು ಪರೀಕ್ಷಿಸಬಲ್ಲದು.

ಹೇಗೆಂದರೆ, ಶೇಷದಿಂದ ಹಿಮ್ಮುಖವಾಗಿ ನಡೆಯಬೇಕು. ಅವಸನ್ನಾಸನ್ನದ ಸಂಖ್ಯೆಯನ್ನು ಛೇದದಿಂದ ಗುಣಿಸಿ ಶೇಷವನ್ನು ಕೂಡಿಸಿದರೆ ಬರುವ ಮೊತ್ತವು ಎಂಟರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. ಆ ಭಾಗಲಬ್ಧವೇ ಹಿಂದಿನ ಹಂತದ ಶೇಷ. ಛೇದವಾದ ೧,೦೫,೪೦೯ನ್ನು ಎಂಟರಿಂದ ಭಾಗಿಸಿದರೆ ಉಳಿಯುವುದು ಒಂದು. ಆದುದರಿಂದ ಪ್ರತಿ ಹಂತದ ಅಂಕವನ್ನು ಕಂಡುಹಿಡಿಯುವ ಕ್ರಮವು ಅತಿ ಸರಳವಾಗುತ್ತದೆ: ಶೇಷವು ಎಂಟರಿಂದ ಭಾಗವಾಗಲು ಎಷ್ಟನ್ನು ಕೂಡಿಸಬೇಕೋ ಅದೇ ಆ ಹಂತದ ಅಂಕ. ೨೩,೨೧೩ಕ್ಕೆ ಮೂರನ್ನು ಕೂಡಿಸಿದರೆ ಎಂಟರಿಂದ ಭಾಗವಾಗುತ್ತದೆ; ಅವಸನ್ನಾಸನ್ನಗಳು ಮೂರು. ಮೂರು ಛೇದಗಳನ್ನು ಕೂಡಿಸಿ ಎಂಟರಿಂದ ಭಾಗಿಸಿದರೆ ೪೨,೪೩೦, ಇದಕ್ಕೆ ಎರಡನ್ನು ಕೂಡಿಸಬೇಕು, ಸನ್ನಾಸನ್ನಗಳು ಎರಡು. ಅಲ್ಲಿಂದ ೩೧,೬೫೬, ಇದು ತಾನಾಗಿಯೇ ಎಂಟರಿಂದ ಭಾಗವಾಗುವುದರಿಂದ ತ್ರುಟರೇಣುವಿನ ಸ್ಥಾನದಲ್ಲಿ ಶೂನ್ಯ. ಹೀಗೆ ಹನ್ನೆರಡು ಸ್ಥಾನಗಳನ್ನೂ ಒಂದೊಂದಾಗಿ ಮರಳಿ ಪಡೆಯಬಹುದು.

ಇದರ ಫಲಿತಾರ್ಥವು ಮಹತ್ತ್ವದ್ದು. ಯವದಿಂದ ಅವಸನ್ನಾಸನ್ನದವರೆಗಿನ ಅಂಕಗಳಿದ್ದ ಗರಿಯು ಮುರಿದುಹೋಗಿ, ಶೇಷವಿದ್ದ ತುಣುಕು ಮಾತ್ರ ಉಳಿದಿದ್ದರೂ ಕಳೆದುಹೋದ ಎಲ್ಲ ಅಂಕಗಳನ್ನೂ ನಿಸ್ಸಂದೇಹವಾಗಿ ಪುನಃಸ್ಥಾಪಿಸಬಹುದು. ಶೇಷವೇ ಅಪಪಾಠವಾಗಿದ್ದಲ್ಲಿ ಅದೂ ಬಯಲಾಗುತ್ತದೆ. ೨೩,೨೧೩ ಎಂಬುದನ್ನು ಲಿಪಿಕಾರನು ೨೩,೨೩೧ ಎಂದು ಬರೆದಿದ್ದರೆ ಅವಸನ್ನಾಸನ್ನಗಳು ಮೂರರ ಬದಲು ಒಂದಾಗಬೇಕಾಗುತ್ತಿತ್ತು; ಮೊದಲ ಹೆಜ್ಜೆಯಲ್ಲಿಯೇ ವಿರೋಧವು ಕಾಣುತ್ತಿತ್ತು.

ಗ್ರಂಥದೊಳಗೆ ಎರಡನೆಯ ಸಾಕ್ಷಿಯೂ ಇದೆ. ಪರಿಧಿಯನ್ನು ವ್ಯಾಸದ ಚತುರ್ಥಾಂಶವಾದ ಇಪ್ಪತ್ತೈದು ಸಾವಿರದಿಂದ ಗುಣಿಸಿದರೆ ಕ್ಷೇತ್ರಫಲ. ಜಂಬೂದ್ವೀಪದ ಕ್ಷೇತ್ರಫಲವನ್ನು ಹೇಳುವಲ್ಲಿ ತಿಲೋಯಪಣ್ಣತ್ತಿಯು ೪೮೪೫೫/೧೦೫೪೦೯ ಎಂಬ ಶೇಷವನ್ನು ಕೊಡುತ್ತದೆ. ೨೩,೨೧೩ನ್ನು ೨೫,೦೦೦ದಿಂದ ಗುಣಿಸಿ ೧,೦೫,೪೦೯ರಿಂದ ಭಾಗಿಸಿದರೆ ಉಳಿಯುವುದು ನಿಖರವಾಗಿ ೪೮,೪೫೫. ಎರಡು ಬೇರೆ ಬೇರೆ ಸ್ಥಳಗಳ ಪಾಠಗಳು ಹೀಗೆ ಒಂದನ್ನೊಂದು ಸಮರ್ಥಿಸುತ್ತವೆ.

ಈ ಪರೀಕ್ಷೆಯು ಸಾಧ್ಯವಾದುದು ಹೇಗೆ? ಲೆಕ್ಕಕ್ಕೆ ತೆಗೆದುಕೊಂಡ ರಾಶಿಯು ಭಾಗಲಬ್ಧವಾಗಿರುವುದರಿಂದಲೇ. ಭಾಗಲಬ್ಧ ಸಂಖ್ಯೆಯಲ್ಲಿ ಭಾಗಾಕಾರದ ಶೇಷವು ತನ್ನ ಹಿಂದಿನ ಸಮಸ್ತ ಚರಿತ್ರೆಯನ್ನೂ ತನ್ನೊಳಗೆ ಧರಿಸಿರುತ್ತದೆ. ಅದರ ಮುಂದಿನ ನಡೆಯೂ ನಿಯತವೇ. ಅವಸನ್ನಾಸನ್ನವನ್ನೂ ಎಂಟೆಂಟು ಭಾಗ ಮಾಡುತ್ತ ಹೋಗುವುದಾದರೆ ಛೇದವು ಬೆಸಸಂಖ್ಯೆಯಾದ ಕಾರಣ ಭಾಗಾಕಾರವು ಎಂದಿಗೂ ಮುಗಿಯದು. ಆದರೂ ಶೇಷವು ಯಾವಾಗಲೂ ೧,೦೫,೪೦೯ಕ್ಕಿಂತ ಕಡಿಮೆಯೇ ಆಗಿರಬೇಕಾದುದರಿಂದ, ಎಂದಾದರೊಂದು ಹಂತದಲ್ಲಿ ಹಿಂದೆ ಬಂದ ಶೇಷವೇ ಮತ್ತೆ ಬಂದು, ಅಲ್ಲಿಂದ ಅಂಕಗಳೆಲ್ಲ ಅದೇ ಕ್ರಮದಲ್ಲಿ ಆವರ್ತಿಸುತ್ತವೆ. ಮುಗಿಯದಿದ್ದರೂ ಆವರ್ತಿಸುವುದು ಭಾಗಲಬ್ಧದ ಲಕ್ಷಣ. ಮುಗಿಯದೆ, ಆವರ್ತಿಸದೆ ಸಾಗುವುದು ಅಭಾಗಲಬ್ಧದ ಲಕ್ಷಣ. ಹತ್ತರ ಕರಣಿಯಲ್ಲಿ ಹಿಂದಿನದನ್ನೆಲ್ಲ ಹೇಳಬಲ್ಲ ಅಂತಹ ಕಡೆಯ ಭಿನ್ನವೊಂದು ಯಾವ ಹಂತದಲ್ಲಿಯೂ ದೊರೆಯುವುದಿಲ್ಲ.

೬

ಇಲ್ಲಿಗೆ ಮೊದಲು ಎತ್ತಿದ ಪ್ರಶ್ನೆಗೆ ಉತ್ತರವು ದೊರೆತಂತಾಯಿತು. ೨೩೨೧೩/೧೦೫೪೦೯ ಎಂಬುದು ಹತ್ತರ ಕರಣಿಯ ಶೇಷವಲ್ಲ. ಆ ಕರಣಿಯ ಸ್ಥಾನದಲ್ಲಿ ನಿಲ್ಲಿಸಿದ ಭಾಗಲಬ್ಧ ರಾಶಿಯೊಂದರ ಶೇಷ. ಇವೆರಡರ ನಡುವಿನ ಅಂತರವೆಷ್ಟು ಎಂಬುದನ್ನೂ ಹೇಳಬಹುದು.

ಆಸನ್ನಮೂಲ ಕ್ರಮದಿಂದ ಬಂದ ರಾಶಿಯನ್ನು ಮತ್ತೆ ವರ್ಗಿಸಿದರೆ, ಕೂಡಿಸಿದ ಭಿನ್ನದ ವರ್ಗದಷ್ಟು ಹೆಚ್ಚಾಗಿಯೇ ಬರುತ್ತದೆ. ಆದುದರಿಂದ ಈ ಕ್ರಮವು ನಿಜವಾದ ಮೂಲಕ್ಕಿಂತ ಸದಾ ಅಧಿಕವಾದುದನ್ನೇ ಕೊಡುತ್ತದೆ. ಹತ್ತರ ವರ್ಗಮೂಲವನ್ನು ಇನ್ನೂ ಸೂಕ್ಷ್ಮವಾಗಿ ತೆಗೆದು ಲೆಕ್ಕ ಹಾಕಿದರೆ ಪರಿಧಿಯು ೩,೧೬,೨೨೭ ಯೋಜನ, ೩ ಕ್ರೋಶ, ೧೨೮ ಧನುಸ್ಸು, ೧೨ ಅಂಗುಲ ಮತ್ತು ೭ ಯವಗಳಿಗಿಂತ ತುಸು ಹೆಚ್ಚು. ತಿಲೋಯಪಣ್ಣತ್ತಿಯ ಪ್ರಮಾಣವು ೧೩ ಅಂಗುಲ ೫ ಯವಗಳಿಗಿಂತ ತುಸು ಹೆಚ್ಚು. ಎರಡರ ಅಂತರ ಅಂಗುಲದ ನೂರರಲ್ಲಿ ಸುಮಾರು ೭೧ ಭಾಗ. ಸಮಗ್ರ ಪರಿಧಿಯೊಡನೆ ಹೋಲಿಸಿದರೆ ಇದು ೩೪ ಸಾವಿರ ಕೋಟಿಯಲ್ಲಿ ಸುಮಾರು ಒಂದು ಪಾಲು. ವ್ಯವಹಾರದಲ್ಲಿ ಇದು ನಗಣ್ಯವೇ ಸರಿ.

ಆದರೆ ತತ್ತ್ವದ ದೃಷ್ಟಿಯಿಂದ ನಗಣ್ಯವಲ್ಲ. ‘ಹದಿಮೂರೂವರೆ ಅಂಗುಲಗಳಿಗಿಂತ ಕಿಂಚಿತ್ ಅಧಿಕ’ ಎಂಬ ಮಾತು ಲೆಕ್ಕದ ರಾಶಿಗೆ ಸತ್ಯ; ಸೂತ್ರೋಕ್ತವಾದ ಕರಣಿಗೆ ಸತ್ಯವಲ್ಲ. ಕರಣಿಯು ಹದಿಮೂರು ಅಂಗುಲವನ್ನೂ ಮುಟ್ಟುವುದಿಲ್ಲ. ಯವದಿಂದ ಕೆಳಗೆ ತಿಲೋಯಪಣ್ಣತ್ತಿಯು ಕೊಡುವ ಹನ್ನೆರಡು ಸ್ಥಾನಗಳೂ ಭಾಗಲಬ್ಧ ರಾಶಿಯನ್ನು ನಿರ್ದುಷ್ಟವಾಗಿ ವರ್ಣಿಸುತ್ತವೆ, ಕರಣಿಯನ್ನು ವರ್ಣಿಸುವುದಿಲ್ಲ.

ಪೇಷಾವರದ ಸಮೀಪದಲ್ಲಿ ೧೮೮೧ರಲ್ಲಿ ದೊರೆತ ಬಕ್ಷಾಲೀ ಹಸ್ತಪ್ರತಿಯಲ್ಲಿ ಇದೇ ಆಸನ್ನಮೂಲಕ್ಕೆ ಇನ್ನೊಂದು ಸಂಸ್ಕಾರವನ್ನು ಹೇಳಿದೆ. ಕೂಡಿಸಿದ ಭಿನ್ನದ ವರ್ಗವನ್ನು ಆಸನ್ನಮೂಲದ ಎರಡರಷ್ಟರಿಂದ ಭಾಗಿಸಿ ಕಳೆಯಬೇಕೆಂಬುದು ಆ ಸಂಸ್ಕಾರ. ಅದನ್ನು ಇಲ್ಲಿ ಅನ್ವಯಿಸಿದರೆ ೧೨ ಅಂಗುಲ ೭ ಯವಗಳ ಪ್ರಮಾಣವೇ ಬರುತ್ತದೆ. ಹಾಗೆ ಬಂದುದೂ ಭಾಗಲಬ್ಧವೇ. ಎಷ್ಟು ಸಂಸ್ಕಾರಗಳನ್ನು ಮಾಡಿದರೂ ಕರಣಿಯನ್ನು ಸಮೀಪಿಸಬಹುದೇ ಹೊರತು ತಲುಪಲಾಗದು.

ಇದರಿಂದ ಸಂಪಾದಕರಿಗೆ ಒಂದು ಎಚ್ಚರಿಕೆಯು ಪ್ರಾಪ್ತವಾಗುತ್ತದೆ. ಆಧುನಿಕ ಗಣನೆಯಿಂದ ೧೨ ಅಂಗುಲಗಳೆಂದು ಬಂದಿತೆಂಬ ಕಾರಣಕ್ಕೆ ೧೩ ಎಂಬ ಪಾಠವನ್ನು ತಿದ್ದಲು ಹೋದರೆ, ಯಾವ ಸರಣಿಯಿಂದ ಪಾಠದ ಶುದ್ಧಿಯು ಸಿದ್ಧವಾಗುತ್ತದೆಯೋ ಅದೇ ಸರಣಿಯು ಕಡಿದುಹೋಗುತ್ತದೆ. ಗಣಿತದ ದೃಷ್ಟಿಯಿಂದ ಹೆಚ್ಚು ಸೂಕ್ಷ್ಮವಾದುದೇ ಗ್ರಂಥಕಾರನ ಪಾಠವಾಗಿರಬೇಕೆಂಬ ನಿಯಮವಿಲ್ಲ.

೭

ಸೂಕ್ಷ್ಮ-ಸ್ಥೂಲಗಳ ಭೇದವನ್ನೂ ಭಾಗಲಬ್ಧ-ಅಭಾಗಲಬ್ಧಗಳ ಭೇದವನ್ನೂ ಒಂದೇ ಎಂದು ತಿಳಿಯುವುದು ಮತ್ತೊಂದು ಭ್ರಾಂತಿ. ಹತ್ತರ ವರ್ಗಮೂಲವು ಅಭಾಗಲಬ್ಧವಾದುದರಿಂದ ವೃತ್ತದ ನಿಜವಾದ ಅನುಪಾತಕ್ಕೆ ಹತ್ತಿರವೆಂದು ಭಾವಿಸಬಾರದು. ಅದರ ಬೆಲೆ ಸುಮಾರು ೩.೧೬೨೨೮, ‘ಪೈ’ಯ ಬೆಲೆ ಸುಮಾರು ೩.೧೪೧೫೯. ಲಕ್ಷ ಯೋಜನ ವ್ಯಾಸದ ವೃತ್ತದಲ್ಲಿ ಈ ವ್ಯತ್ಯಾಸವು ೨,೦೬೮ ಯೋಜನಗಳಿಗೂ ಹೆಚ್ಚು.

ಧವಲಾ ಟೀಕೆಯಲ್ಲಿಯೇ ಇದಕ್ಕೆ ಪ್ರತ್ಯುದಾಹರಣೆಯಿದೆ. ವೀರಸೇನಾಚಾರ್ಯರು ಉದ್ಧರಿಸುವ ಒಂದು ಸಂಸ್ಕೃತ ಪದ್ಯವು ವ್ಯಾಸವನ್ನು ೧೬ರಿಂದ ಗುಣಿಸಿ, ೧೬ನ್ನು ಕೂಡಿಸಿ, ೧೧೩ರಿಂದ ಭಾಗಿಸಿ, ವ್ಯಾಸದ ಮೂರರಷ್ಟನ್ನು ಸೇರಿಸಿದರೆ ಸೂಕ್ಷ್ಮಕ್ಕಿಂತಲೂ ಸೂಕ್ಷ್ಮವಾದ ಪರಿಧಿಯು ದೊರೆಯುತ್ತದೆ ಎನ್ನುತ್ತದೆ. ವ್ಯಾಸವು ಎಷ್ಟೇ ಇರಲಿ ೧೬ನ್ನೇ ಕೂಡಿಸಬೇಕೆಂಬ ಮಾತು ಅನುಪಾತಕ್ಕೆ ಹೊಂದುವುದಿಲ್ಲ. ಆ ಅಂಶವನ್ನು ಬಿಟ್ಟರೆ ಉಳಿಯುವುದು ೩೫೫/೧೧೩ ಎಂಬ ಪ್ರಸಿದ್ಧವಾದ ಅನುಪಾತ. ಇದು ಶುದ್ಧ ಭಾಗಲಬ್ಧ ಸಂಖ್ಯೆ. ಆದರೂ ಆರು ದಶಮಾಂಶ ಸ್ಥಾನಗಳವರೆಗೆ ‘ಪೈ’ಗೆ ಸರಿಹೊಂದುತ್ತದೆ. ಅಭಾಗಲಬ್ಧವಾದ ಹತ್ತರ ಕರಣಿಯು ಎರಡನೆಯ ಸ್ಥಾನದಲ್ಲಿಯೇ ಬೇರೆಯಾಗುತ್ತದೆ. ಶಕ ೭೩೮ರಲ್ಲಿ, ಎಂದರೆ ಕ್ರಿ. ಶ. ೮೧೬ರಲ್ಲಿ ಮುಗಿದ ಧವಲಾ ಗ್ರಂಥವು ಮೂಡಬಿದಿರೆಯ ಸಿದ್ಧಾಂತ ಬಸದಿಯ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದು ಬಂದುದರಿಂದಲೇ ಈ ಪದ್ಯವು ಇಂದಿನ ವಿದ್ವತ್ಪ್ರಪಂಚಕ್ಕೆ ಲಭ್ಯವಾಗಿದೆ.

ಹೀಗೆ ಒಂದು ಪ್ರಮಾಣವು ಸತ್ಯಕ್ಕೆ ಎಷ್ಟು ಸಮೀಪವೆಂಬುದು ಒಂದು ಪ್ರಶ್ನೆ. ಅದು ಪೂರ್ಣಾಂಕಗಳ ಅನುಪಾತವೇ ಅಲ್ಲವೇ ಎಂಬುದು ಬೇರೊಂದು ಪ್ರಶ್ನೆ. ಎರಡನೆಯ ಪ್ರಶ್ನೆಯನ್ನು ವೃತ್ತದ ವಿಷಯದಲ್ಲಿ ಭಾರತದಲ್ಲಿ ಸ್ಪಷ್ಟವಾಗಿ ಎತ್ತಿದವನು ಕೇರಳದ ನೀಲಕಂಠ ಸೋಮಯಾಜಿ. ಯಾವ ಮಾನದಿಂದ ಅಳೆದರೆ ವ್ಯಾಸವು ನಿರವಯವವಾಗುವುದೋ ಅದೇ ಮಾನದಿಂದ ಪರಿಧಿಯ ಅಳತೆಯಲ್ಲಿ ಅವಯವವು ಉಳಿಯುತ್ತದೆ, ಎಷ್ಟು ದೂರ ಹೋದರೂ ಎರಡೂ ಒಟ್ಟಿಗೆ ನಿರವಯವವಾಗುವುದಿಲ್ಲ ಎಂಬ ಆಶಯವನ್ನು ಆತನು ತನ್ನ ಆರ್ಯಭಟೀಯ ಭಾಷ್ಯದಲ್ಲಿ ವ್ಯಕ್ತಪಡಿಸಿದ್ದಾನೆ. ಅದಕ್ಕೆ ಪೂರ್ಣವಾದ ಸಾಧನೆಯನ್ನು ೧೭೬೧ರಲ್ಲಿ ಯೂರೋಪಿನ ಲ್ಯಾಂಬರ್ಟನು ಒದಗಿಸಿದನು.

೮

ವಾಸ್ತವ ಸಂಖ್ಯೆಗಳ ಸಮೂಹಕ್ಕೆ ದೃಢವಾದ ತಳಹದಿಯು ದೊರೆತುದು ೧೮೭೨ರಲ್ಲಿ, ಜರ್ಮನಿಯ ಡೆಡೆಕಿಂಡ್ ಮತ್ತು ಕ್ಯಾಂಟರರ ಕೃತಿಗಳಿಂದ. ಭಾಗಲಬ್ಧ ಸಂಖ್ಯೆಗಳು ಅನಂತವಾಗಿದ್ದರೂ ಅವುಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಜೋಡಿಸಬಹುದು; ವಾಸ್ತವ ಸಂಖ್ಯೆಗಳನ್ನು ಹಾಗೆ ಜೋಡಿಸಲು ಸಾಧ್ಯವೇ ಇಲ್ಲವೆಂದು ೧೮೭೪ರಲ್ಲಿ ಕ್ಯಾಂಟರನು ತೋರಿಸಿದನು. ಅನಂತಗಳಲ್ಲಿಯೂ ತಾರತಮ್ಯವಿದೆಯೆಂಬ ಈ ಸಿದ್ಧಾಂತವನ್ನು ಕೇಳಿದೊಡನೆ ಜೈನ ವಿದ್ವಾಂಸರಿಗೆ ಸಂಖ್ಯಾತ, ಅಸಂಖ್ಯಾತ, ಅನಂತಗಳೆಂಬ ಇಪ್ಪತ್ತೊಂದು ಭೇದಗಳು ನೆನಪಾಗುವುದು ಸಹಜ. ಭಾಗಲಬ್ಧವು ಅಸಂಖ್ಯಾತಕ್ಕೂ ವಾಸ್ತವವು ಅನಂತಕ್ಕೂ ಸಮಾನವೆಂದು ಹೇಳಿಬಿಡುವ ಆಸೆಯೂ ಉಂಟಾಗಬಹುದು.

ಆದರೆ ಗ್ರಂಥಗಳ ಲಕ್ಷಣವಾಕ್ಯಗಳು ಇದಕ್ಕೆ ಅವಕಾಶವೀಯುವುದಿಲ್ಲ. ಅನವಸ್ಥಾ, ಶಲಾಕಾ, ಪ್ರತಿಶಲಾಕಾ, ಮಹಾಶಲಾಕಾ ಕುಂಡಗಳನ್ನು ಸಾಸಿವೆಗಳಿಂದ ತುಂಬುವ ಪ್ರಸಿದ್ಧ ಪ್ರಕ್ರಿಯೆಯಿಂದ ಸಿದ್ಧವಾಗುವ ಜಘನ್ಯ ಪರೀತಾಸಂಖ್ಯಾತದಲ್ಲಿ ಒಂದನ್ನು ಕಳೆದರೆ ಉತ್ಕೃಷ್ಟ ಸಂಖ್ಯಾತ. ಒಂದನ್ನು ಕಳೆದರೆ ಅಥವಾ ಕೂಡಿಸಿದರೆ ಜಾತಿಯೇ ಬದಲಾಗುವುದು ಇಲ್ಲಿಯ ಕ್ರಮ. ಕ್ಯಾಂಟರನ ಅನಂತದಲ್ಲಿ ಒಂದನ್ನು ಕಳೆದರೂ ಕೂಡಿಸಿದರೂ ಗಾತ್ರವು ಬದಲಾಗುವುದಿಲ್ಲ. ಎರಡು ವ್ಯವಸ್ಥೆಗಳೂ ಅನಂತವನ್ನು ಏಕರೂಪವೆಂದು ಒಪ್ಪದಿರುವುದು ಅವುಗಳ ಸಾಮ್ಯ. ಅದು ಗೌರವಾರ್ಹವಾದ ಸಾಮ್ಯವೂ ಹೌದು. ಆದರೆ ಭೇದದ ಆಧಾರಗಳು ಬೇರೆ ಬೇರೆ. ಅಸಂಖ್ಯಾತವನ್ನು ಆಧುನಿಕ ಪರಿಭಾಷೆಗೆ ಬಲವಂತವಾಗಿ ಹೊಂದಿಸುವುದರಿಂದ ಆಧುನಿಕ ಗಣಿತಕ್ಕೆ ಲಾಭವಿಲ್ಲ, ಆಚಾರ್ಯರ ವಚನಕ್ಕೆ ಮಾತ್ರ ಅಪಚಾರವಾಗುತ್ತದೆ.

೯

ಸಮಗ್ರ ವಿವೇಚನೆಯಿಂದ ಕೆಲವು ಅಂಶಗಳು ನಿರ್ಧಾರಿತವಾಗುತ್ತವೆ. ಜೈನ ಪರಂಪರೆಯು ಪರಿಧಿಯನ್ನು ಎರಡು ಬಗೆಯಲ್ಲಿ ಕಾಪಾಡಿಕೊಂಡು ಬಂದಿದೆ. ಸೂತ್ರದಲ್ಲಿ ಅದು ಕರಣಿ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಭಾಗಲಬ್ಧವಲ್ಲದ ಒಂದು ವಾಸ್ತವ ಸಂಖ್ಯೆ. ಫಲದಲ್ಲಿ ಅದು ಯೋಜನಾದಿ ಮಾನಗಳಲ್ಲಿ ಎಣಿಸಿದ ಭಾಗಲಬ್ಧ ಸಂಖ್ಯೆ. ಸೂತ್ರವನ್ನು ಬಿಟ್ಟು ಫಲವನ್ನಷ್ಟೇ ಉಳಿಸಿಕೊಂಡಿದ್ದರೆ ಆಸನ್ನತೆಯೇ ಸತ್ಯವೆಂಬ ಭ್ರಮೆಯು ನೆಲೆಗೊಳ್ಳುತ್ತಿತ್ತು. ಫಲವನ್ನು ಬಿಟ್ಟು ಸೂತ್ರವನ್ನಷ್ಟೇ ಉಳಿಸಿಕೊಂಡಿದ್ದರೆ ಆ ಕಾಲದ ಗಣನಕೌಶಲದ ಕುರುಹೇ ಅಳಿದುಹೋಗುತ್ತಿತ್ತು. ಎರಡನ್ನೂ ಒಟ್ಟಿಗೆ ಉಳಿಸಿ ನಡುವೆ ‘ಕಿಂಚಿತ್ ಅಧಿಕ’ವೆಂಬ ಶಬ್ದವನ್ನಿಟ್ಟುದರಲ್ಲಿ ಒಂದು ಪ್ರಾಮಾಣಿಕತೆಯಿದೆ. ಆ ಆಧಿಕ್ಯವು ಯಾವ ರಾಶಿಗೆ ಸಲ್ಲುತ್ತದೆಂಬುದನ್ನು ಇಂದಿನ ಅಧ್ಯಯನವು ಸ್ಪಷ್ಟಪಡಿಸಿಕೊಳ್ಳಬೇಕಾಗಿದೆ, ಅಷ್ಟೇ.

ಇನ್ನೂ ಅನೇಕ ದ್ವೀಪ-ಸಮುದ್ರಗಳ, ಪರ್ವತಗಳ, ಜ್ಯಾ-ಚಾಪಗಳ ಪ್ರಮಾಣಗಳು ಕರಣಾನುಯೋಗದ ಪ್ರತಿಗಳಲ್ಲಿ ಭಿನ್ನಶೇಷಗಳೊಡನೆ ಬಂದಿವೆ. ಅವುಗಳ ಛೇದಗಳನ್ನು ಜಂಬೂದ್ವೀಪದ ೧,೦೫,೪೦೯ರಂತೆಯೇ ಒರೆಗೆ ಹಚ್ಚಿ ನೋಡಿದರೆ, ಯಾವ ಅಂಕವು ಗ್ರಂಥಕಾರನದು, ಯಾವುದು ಲಿಪಿಕಾರನದು ಎಂಬುದನ್ನು ಅನೇಕ ಕಡೆಗಳಲ್ಲಿ ನಿಶ್ಚಯಿಸಬಹುದು. ಅಂಕವನ್ನು ಅರ್ಥವಿಲ್ಲದ ಸಾಲೆಂದು ನಕಲು ಮಾಡದೆ, ಅದನ್ನು ಪಾಠದ ಸಾಕ್ಷಿಯೆಂದು ಎಣಿಸಿ ಪರಿಶೀಲಿಸುವ ಸಂಪಾದಕನಿಗೆ ತಿಲೋಯಪಣ್ಣತ್ತಿಯ ಈ ಪುಟ್ಟ ಶೇಷವು ದಾರಿದೀಪವಾಗಬಲ್ಲದು.